ಹಳೆ ಡೀಸೆಲ್ ಪಿಕಪ್ ತಗೊಳ್ಳಬೇಕಾ, ಬಿಡಬೇಕಾ? ಪುಣೆಯಲ್ಲಿ ಗಾಡಿ ನೋಡಲು ಹೊರಟವರಿಗೆ

ಮಾರ್ಕೆಟ್ ಯಾರ್ಡ್‌ನಲ್ಲಿ ತರಕಾರಿ ಇಳಿಸುವ ವಿಜಯಪುರದವರು, ಹಡಪಸರದಲ್ಲಿ ಮನೆ ಸಾಮಾನು ಸಾಗಿಸುವ ಕಲಬುರಗಿಯವರು, ಚಾಕಣದ ಕಂಪನಿಗಳಿಗೆ ಊಟ ಮುಟ್ಟಿಸುವ ಉಡುಪಿ ಕಡೆಯವರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಒಂದು ಹಳೆ ಪಿಕಪ್ ಸಿಕ್ಕಿದೆ. ತಗೊಳ್ಳಲಾ?" ಹಿಂದೆಯೇ ವಾಟ್ಸಾಪ್‌ನಲ್ಲಿ ಮೂರು ಫೋಟೊ ಬರುತ್ತವೆ. ಮೂರರಲ್ಲೂ ಗಾಡಿ ತೊಳೆದು ಫಳಫಳ ಹೊಳೆಯುತ್ತಿರುತ್ತದೆ.

ಫೋಟೊ ನೋಡಿ ಏನೂ ಹೇಳಲು ಬರುವುದಿಲ್ಲ. ಮಾರುವವರು ಮೂರು ಮಾತು ತಪ್ಪದೆ ಹೇಳುತ್ತಾರೆ: ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ರೇಟು ಎಷ್ಟು. ನಾನು ಕೇಳುವುದು ಅವರು ಹೇಳದೆ ಬಿಟ್ಟ ಮಾತು. ಈ ಗಾಡಿ ಇಷ್ಟು ದಿನ ಏನು ಹೊತ್ತಿತ್ತು? ಕಾರಿನ ವಿಷಯದಲ್ಲಿ ಕಿಲೋಮೀಟರ್ ದೊಡ್ಡ ಮಾತು ಇರಬಹುದು. ಪಿಕಪ್‌ಗೆ ಹಾಗಲ್ಲ. 2 ಲಕ್ಷ ಕಿಲೋಮೀಟರ್ ಕೊರಿಯರ್ ಡಬ್ಬ ಹೊತ್ತ ಗಾಡಿ, 80 ಸಾವಿರ ಕಿಲೋಮೀಟರ್ ಕಲ್ಲುಪುಡಿ ಹೊತ್ತ ಗಾಡಿಗಿಂತ ಗಟ್ಟಿಯಾಗಿರಬಹುದು.

ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಎಲ್ಲೇ ಗಾಡಿ ಫೇಲ್ ಆದರೂ ಮುಂದಿನ ಹಂತಕ್ಕೆ ಹೋಗಬೇಡಿ. ಮೊದಲ ಎರಡು ಹಂತ ಮನೆಯಲ್ಲೇ ಮುಗಿಯುತ್ತವೆ, ಪೆಟ್ರೋಲ್ ಖರ್ಚೂ ಇಲ್ಲ.

1. ನಿಮ್ಮ ಕೆಲಸ ಏನು ಅಂತ ಬರೆದುಕೊಳ್ಳಿ

ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ. ಒಂದು ಟ್ರಿಪ್‌ಗೆ ಎಷ್ಟು ತೂಕ? ದಿನಕ್ಕೆ ಎಷ್ಟು ಕಿಲೋಮೀಟರ್? ಊರೊಳಗಾ, ಘಾಟ್ ಹತ್ತಿ ಇಳಿಯುವುದಾ?

ಮುಕ್ಕಾಲು ಟನ್ ಒಳಗಿನ ಸಾಮಾನು, ಪೇಟೆಯ ಸಂದುಗೊಂದಿ ಅಂದರೆ ಟಾಟಾ ಏಸ್ ಥರದ ಸಣ್ಣ ಗಾಡಿ ಸಾಕು. ಇಲ್ಲಿನವರ ಬಾಯಲ್ಲಿ ಅದು ಛೋಟಾ ಹಾಥಿ. 2005ರಲ್ಲಿ ಬಂದ ಏಸ್‌ನ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಇಂಜಿನ್ ತುಂಬಾ ಸರಳ. ಯಾವ ಮೂಲೆಯ ಮೇಸ್ತ್ರಿಯೂ ಬಿಚ್ಚಿ ಜೋಡಿಸುತ್ತಾನೆ. ಆದರೆ ಕಾತ್ರಜ್ ಘಾಟ್‌ನಲ್ಲಿ ತುಂಬಿದ ಏಸ್ ಹತ್ತಿಸುವುದು ತಾಳ್ಮೆಯ ಪರೀಕ್ಷೆ. ಒಂದು ಟನ್ ದಾಟಿದರೆ ಅಶೋಕ್ ಲೇಲ್ಯಾಂಡ್ ದೋಸ್ತ್, ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ ಯೋಧ ಕಡೆ ನೋಡಿ.

ಇಲ್ಲಿ ಒಂದು ಅಂಕಿ ನೆನಪಿರಲಿ: 3,000 ಕೆಜಿ. ಗಾಡಿಯ ತೂಕ ಮತ್ತು ಅದು ಹೊರಬಹುದಾದ ತೂಕ ಎರಡೂ ಸೇರಿ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಜಿವಿಡಬ್ಲ್ಯು ಎಂದು ಬರೆದಿರುತ್ತದೆ. ಅದು 3,000 ಕೆಜಿ ಒಳಗಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಗಾಡಿಗೆ ಪರ್ಮಿಟ್ ಬೇಡ. ದಾಟಿದರೆ ಬೇಕು. ನೋಡಲು ಒಂದೇ ಥರ ಇರುವ ಎರಡು ಪಿಕಪ್‌ಗಳಲ್ಲಿ ಒಂದು ಈ ಗೆರೆಯ ಒಳಗೆ, ಇನ್ನೊಂದು ಹೊರಗೆ ಇರಬಹುದು. ಗಾಡಿಯ ಹೆಸರು ನೋಡಿ ತೀರ್ಮಾನಿಸಬೇಡಿ, ಆರ್‌ಸಿ ನೋಡಿ.

ಲೈಸೆನ್ಸ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಸಾದಾ ಎಲ್‌ಎಂವಿ, ಅಂದರೆ ಹಗುರ ವಾಹನದ ಲೈಸೆನ್ಸ್ ಇದ್ದರೆ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಪಿಕಪ್‌ಗಳು ಅದರೊಳಗೇ ಬರುತ್ತವೆ.

ಇನ್ನು ಬಿಎಸ್ 4 ತಗೊಳ್ಳುವುದಾ, ಬಿಎಸ್ 6 ತಗೊಳ್ಳುವುದಾ? ಬಿಎಸ್ ಅಂದರೆ ಹೊಗೆ ಎಷ್ಟು ಬಿಡಬಹುದು ಎಂಬ ಸರ್ಕಾರಿ ಮಟ್ಟ. 2017ರ ಏಪ್ರಿಲ್‌ನಿಂದ ದೇಶವಿಡೀ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6. ಬಿಎಸ್ 6 ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿ ಬಂತು. ಹಿಡಿದ ಮಸಿಯನ್ನು ಸುಟ್ಟು ಖಾಲಿ ಮಾಡಿಕೊಳ್ಳಲು ಅದಕ್ಕೆ ಒಳ್ಳೆ ಬಿಸಿ ಬೇಕು. ಅಂದರೆ ಆಗಾಗ ಹೈವೇಯಲ್ಲಿ ಓಡಬೇಕು. ದಿನಕ್ಕೆ ಮೂವತ್ತು ಕಿಲೋಮೀಟರ್ ಪೇಟೆಯಲ್ಲೇ ತೆವಳುವವರಿಗೆ ಅದು ಕಟ್ಟಿಕೊಂಡು ತಲೆನೋವು ಕೊಡುತ್ತದೆ. ನಿಮ್ಮ ಕೆಲಸ ಪೂರ್ತಿ ಊರೊಳಗಿನದೇ ಆದರೆ ಡೀಸೆಲ್ ಬಿಟ್ಟು ಸಿಎನ್‌ಜಿ ನೋಡಿ ಅನ್ನುವುದು ನನ್ನ ಅಭಿಪ್ರಾಯ. ಹಾಗಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು.

2. ಗಾಡಿಗಿಂತ ಮೊದಲು ಕಾಗದ ನೋಡಿ

ಗಾಡಿ ನಂಬರ್ ಕೇಳಿ ತಗೊಳ್ಳಿ. "ಬಂದು ನೋಡಿ, ಆಮೇಲೆ ನಂಬರ್" ಅನ್ನುವವರ ಹತ್ತಿರ ಹೋಗಲೇಬೇಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಅಥವಾ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿದರೆ ಬೇಕಾದ್ದೆಲ್ಲ ಬರುತ್ತದೆ: ನೋಂದಣಿ ದಿನ, ಫಿಟ್‌ನೆಸ್, ವಿಮೆ, ಹೊಗೆ ತಪಾಸಣೆಯ ಪಿಯುಸಿ ಯಾವತ್ತಿನ ತನಕ, ಸಾಲ ಇದೆಯಾ ಎಂದು. ಬಾಕಿ ದಂಡಕ್ಕೆ ಮಹಾಟ್ರಾಫಿಕ್ ಆ್ಯಪ್ ನೋಡಿ. ಪಿಕಪ್‌ಗಳ ಮೇಲೆ ಚಲನ್ ಗುಡ್ಡೆ ಬಿದ್ದಿರುವುದು ಮಾಮೂಲು. ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ರೇಟು ಮಾತಾಡುವಾಗ ಕೆಲಸಕ್ಕೆ ಬರುತ್ತದೆ.

ಹೊಸಬರು ಎಡವುವ ಒಂದು ಮಾತು "ಪಾಸಿಂಗ್". ಪುಣೆಯಲ್ಲಿ ಇದಕ್ಕೆ ಎರಡು ಅರ್ಥ. "ಎಂಎಚ್ 12 ಪಾಸಿಂಗ್" ಅಂದರೆ ಪುಣೆ ಆರ್‌ಟಿಒದಲ್ಲಿ ನೋಂದಣಿಯಾದ ಗಾಡಿ. ಎಂಎಚ್ 14 ಅಂದರೆ ಪಿಂಪ್ರಿ-ಚಿಂಚವಡ. "ಪಾಸಿಂಗ್ ಮುಗಿದಿದೆ" ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮುಗಿದಿದೆ ಎಂದರ್ಥ. ಸರಕು ಗಾಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಪಾಸಿಂಗ್ ಮಾಡಿಸಬೇಕು. ಹಾಗಾಗಿ ಏಳೂವರೆ ವರ್ಷದ ಗಾಡಿ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಮುಂದಿನ ಖರ್ಚು ಲೆಕ್ಕ ಹಾಕಿ. 15 ವರ್ಷ ದಾಟಿದ ಗಾಡಿಯ ಪಾಸಿಂಗ್ ಶುಲ್ಕವೇ ಬೇರೆ ಮಟ್ಟದ್ದು. ವ್ಯಾಪಾರಕ್ಕೆ ಅಂತ ತಗೊಳ್ಳುವವರಿಗೆ 12 ವರ್ಷ ದಾಟಿದ್ದು ಬೇಡವೇ ಬೇಡ ಅನ್ನುತ್ತೇನೆ ನಾನು.

ನಂತರ ಸಾಲ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅದನ್ನು ಎಚ್‌ಪಿ ಅನ್ನುತ್ತಾರೆ. ನಮ್ಮ ಕಡೆ ಹೊಲದ ಉತಾರದಲ್ಲಿ ಬೋಜಾ ಇರುತ್ತದಲ್ಲ, ಹಾಗೆ. ಸಾಲ ತೀರಿದೆ, ನಮ್ಮ ಅಭ್ಯಂತರ ಇಲ್ಲ ಎಂದು ಕಂಪನಿ ಕೊಡುವ ಪತ್ರ ಎನ್‌ಒಸಿ. "ಸಾಲ ತೀರಿದೆ, ಎನ್‌ಒಸಿ ಬರೋದಷ್ಟೇ ಬಾಕಿ" ಅನ್ನುವ ಮಾತನ್ನು ನಂಬಿ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಗಾಡಿಯ ಸಾಲ ತೀರಿದ್ದು ನಿಜ. ಆದರೆ ಮಾರಿದವನು ಅದೇ ಕಂಪನಿಯಲ್ಲಿ ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತಿದ್ದ. ಆ ಬಾಕಿ ತೀರುವ ತನಕ ಎನ್‌ಒಸಿ ಕೊಡಲ್ಲ ಅಂದರು. ನಾಲ್ಕು ತಿಂಗಳು ಗಾಡಿ ಸುಮ್ನೆ ಮನೆ ಮುಂದೆ ನಿಂತಿತ್ತು. ಈಗ ಎನ್‌ಒಸಿ ಕೈಗೆ ಬರದೆ ದುಡ್ಡು ಬಿಚ್ಚುವುದಿಲ್ಲ. ಎನ್‌ಒಸಿಯ ಮೇಲಿನ ತಾರೀಖೂ ನೋಡಿ. ಸಾಮಾನ್ಯವಾಗಿ ಮೂರು ತಿಂಗಳ ಮೇಲಾದರೆ ಹೊಸದು ತನ್ನಿ ಅನ್ನುತ್ತಾರೆ.

ಆರ್‌ಸಿಯಲ್ಲಿರುವ ಹೆಸರಿನವರೇ ಮಾರುತ್ತಿದ್ದಾರಾ? ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಹರಾಜಿನಲ್ಲಿ ತಗೊಂಡಿದ್ದಕ್ಕೆ ಫಾರ್ಮ್ 32. "ಮೂರು ಕೈ ಬದಲಾಗಿದೆ, ಆರ್‌ಸಿ ಮಾತ್ರ ಮೊದಲಿನವರದ್ದೇ, ಸಹಿ ಮಾಡಿದ ಫಾರ್ಮ್ ನನ್ನ ಹತ್ತಿರ ಇದೆ" ಅಂದರೆ ಅಲ್ಲಿಗೇ ಕೈ ಮುಗಿದು ಬನ್ನಿ.

2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ, ಅಂದರೆ ಸರ್ಕಾರದ ಭದ್ರತೆಯ ನಂಬರ್ ಪ್ಲೇಟ್ ಹಾಕಿಸಿದ್ದಾರಾ ಕೇಳಿ. ಅದಿಲ್ಲದೆ ಹೆಸರು ಬದಲಾವಣೆಯ ಅರ್ಜಿ ಮುಂದೆ ಹೋಗುವುದಿಲ್ಲ.

3. ಏನು ಹೊತ್ತಿತ್ತು? ಗಾಡಿಯೇ ಹೇಳುತ್ತದೆ

ಈಗ ಗಾಡಿ ನೋಡಲು ಹೋಗಿ. ಬೆಳಿಗ್ಗೆಯೇ ಹೋಗಿ, ಮಳೆಯಲ್ಲಿ ಬೇಡ. ಒದ್ದೆ ಗಾಡಿಯಲ್ಲಿ ಪೇಂಟಿನ ತಪ್ಪೂ ಕಾಣುವುದಿಲ್ಲ, ಆಯಿಲ್ ಸೋರಿಕೆಯೂ ಕಾಣುವುದಿಲ್ಲ. ಜೊತೆಗೆ ಒಂದು ಟಾರ್ಚ್, ಒಂದು ಸಣ್ಣ ಅಯಸ್ಕಾಂತ, ಒಂದು ಬಿಳಿ ಬಟ್ಟೆ, ನೆಲಕ್ಕೆ ಹಾಸಿ ಮಲಗಲು ಒಂದು ರಟ್ಟು ಇರಲಿ. ರಟ್ಟು ಯಾಕೆ ಅಂದರೆ ಪಿಕಪ್‌ನ ನಿಜ ಸಂಗತಿ ಇರುವುದು ಕೆಳಗೆ. ಬಾನೆಟ್ ಎತ್ತಿ ಇಂಜಿನ್ ನೋಡುವವರು ನೂರು ಜನ, ಕೆಳಗೆ ಮಲಗಿ ನೋಡುವವರು ಹತ್ತು ಜನವೂ ಇಲ್ಲ.

ಮೊದಲು ಹೌದಾ ನೋಡಿ. ಹೌದಾ ಅಂದರೆ ಹಿಂದಿನ ಸಾಮಾನು ತುಂಬುವ ತೊಟ್ಟಿ, ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ತಳದ ತಗಡು ಅಲೆಅಲೆಯಾಗಿ ಬಗ್ಗಿದೆಯಾ? ಪಕ್ಕದ ಬಾಗಿಲುಗಳು ಹೊರಗೆ ಉಬ್ಬಿವೆಯಾ? ಹಾಗಿದ್ದರೆ ಇಟ್ಟಿಗೆ, ಮರಳು, ಕಲ್ಲುಪುಡಿ ಹೊತ್ತ ಗಾಡಿ. ಹೌದಾದ ಎತ್ತರ ಏರಿಸಿ ಬೆಸುಗೆ ಹಾಕಿದ್ದಾರಾ, ಉದ್ದ ಹೆಚ್ಚಿಸಿದ್ದಾರಾ ನೋಡಿ. ಕಂಪನಿಯ ಅಳತೆಗಿಂತ ದೊಡ್ಡ ಹೌದಾ ಇರುವುದು ಜಾಸ್ತಿ ತುಂಬಲೆಂದೇ. ಪಾಸಿಂಗ್ ಸಮಯದಲ್ಲಿ ಅದನ್ನು ಕತ್ತರಿಸಲು ಹೇಳಿದರೆ ಖರ್ಚು ನಿಮ್ಮದು.

ಈಗ ರಟ್ಟು ಹಾಸಿ ಮಲಗಿ. ಹಿಂದಿನ ಪಾಟಾ ಎಣಿಸಿ. ಪಾಟಾ ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಎಡಕ್ಕೂ ಬಲಕ್ಕೂ ಎಣಿಕೆ ಒಂದೇ ಇರಬೇಕು. ಪಟ್ಟಿಗಳ ನಡುವೆ ಒಂದೆರಡು ಬೇರೆ ಬಣ್ಣದ್ದು, ಬೇರೆ ದಪ್ಪದ್ದು ಇದ್ದರೆ ಹೆಚ್ಚುವರಿ ಪಾಟಾ ಸೇರಿಸಿದ್ದಾರೆ. ಅದು ಓವರ್‌ಲೋಡ್ ಹೊತ್ತ ಗಾಡಿಯ ಸಹಿ. ತಪ್ಪೇನಿಲ್ಲ ಅನ್ನುವವರಿದ್ದಾರೆ. ಪಾಟಾ ಗಟ್ಟಿ ಮಾಡಿಸಬಹುದು, ಸರಿ. ಆದರೆ ಆ ಭಾರವನ್ನು ಚಾಸಿಯೂ ಹೊತ್ತಿತ್ತು, ಹಿಂದಿನ ಚಕ್ರಗಳ ನಡುವಿನ ಆಕ್ಸಲ್, ಅಂದರೆ ಹೌಸಿಂಗೂ ಹೊತ್ತಿತ್ತು, ಕ್ಲಚ್ಚೂ ಎಳೆದಿತ್ತು, ಬ್ರೇಕೂ ತಡೆದಿತ್ತು. ಅವನ್ನು ಯಾರು ಗಟ್ಟಿ ಮಾಡಿಸಿದರು?

ಚಾಸಿ ಅಂದರೆ ಉದ್ದಕ್ಕೂ ಹೋಗುವ ಎರಡು ಕಬ್ಬಿಣದ ತೊಲೆ. ಕ್ಯಾಬಿನ್‌ನ ಬೆನ್ನ ಹಿಂದೆ, ಪಾಟಾ ಕಟ್ಟಿರುವ ಕೊಂಡಿಗಳ ಹತ್ತಿರ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಷ್ಟು ಬಿರುಕು, ಬೆಸುಗೆ, ಮೇಲೆ ಹೊಡೆದ ತೇಪೆಯ ಪ್ಲೇಟು ಕಂಡರೆ ಎದ್ದು ಬಟ್ಟೆ ಕೊಡವಿಕೊಳ್ಳಿ, ಬೇರೆ ಗಾಡಿ ನೋಡಿ. ಚಾಸಿ ಮುರಿದ ಗಾಡಿಗೆ ಒಳ್ಳೆ ರೇಟು ಅನ್ನುವುದೇ ಇಲ್ಲ. ಕೆಳಗೆಲ್ಲ ಹೊಚ್ಚಹೊಸ ಕಪ್ಪು ಪೇಂಟ್ ಬಳಿದಿದ್ದರೂ ಅನುಮಾನ ಇರಲಿ. ಕೆಳಹೊಟ್ಟೆಗೆ ಪೌಡರ್ ಹಚ್ಚುವವರು ಸುಮ್ನೆ ಹಚ್ಚುವುದಿಲ್ಲ.

ಮೀನಿನ ಗಾಡಿಯದು ಬೇರೆಯೇ ರೋಗ. ಮುಂಬೈ, ರತ್ನಾಗಿರಿ, ಗೋವಾ ಕಡೆಯಿಂದ ಬಂದ ಗಾಡಿಗಳಲ್ಲಿ ಇದನ್ನು ಹುಡುಕಿ. ಮೀನಿನ ಜೊತೆ ಐಸು, ಐಸಿನ ಜೊತೆ ಉಪ್ಪುನೀರು, ದಿನವೂ ಹೌದಾದ ಸಂದಿನಿಂದ ಚಾಸಿ ಮೇಲೆ ತೊಟ್ಟಿಕ್ಕುತ್ತದೆ. ಮೇಲೆ ಪೇಂಟ್ ಹೊಸದಾಗಿ ಕಂಡರೂ ಒಳಗೆ ಕಬ್ಬಿಣ ಹಪ್ಪಳವಾಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಬದ್ದ್ ಅನ್ನುತ್ತದೆ. ಬ್ರೇಕ್ ಪೈಪುಗಳ ಮೇಲೆ ತುಕ್ಕಿನ ಗಂಟು ಇದೆಯಾ ಎಂದೂ ನೋಡಿ. ಅದು ಪ್ರಾಣದ ಪ್ರಶ್ನೆ. ಕೋಳಿ ಸಾಗಿಸಿದ ಗಾಡಿಯ ತಗಡನ್ನೂ ಹಿಕ್ಕೆ ತಿಂದಿರುತ್ತದೆ.

ನಾರಾಯಣಗಾಂವ್ ಕಡೆಯ ಟೊಮ್ಯಾಟೊವನ್ನು ರಾತ್ರೋರಾತ್ರಿ ವಾಶಿಗೆ ಮುಟ್ಟಿಸಿದ ಗಾಡಿಯಾದರೆ ಇಂಜಿನ್ ಮತ್ತು ಬ್ರೇಕ್ ಕಡೆ ಜಾಸ್ತಿ ಗಮನ ಕೊಡಿ. ತರಕಾರಿ ಕಾಯುವುದಿಲ್ಲ, ಹಾಗಾಗಿ ಓಡಿಸುವವರೂ ಕಾಲು ತೆಗೆಯುವುದಿಲ್ಲ. ಕೊರಿಯರ್ ಗಾಡಿಗಳಲ್ಲಿ ಭಾರ ಕಡಿಮೆ, ಆದರೆ ದಿನಕ್ಕೆ ನೂರು ಸಲ ನಿಂತು ಹೊರಡುತ್ತವೆ. ಕ್ಲಚ್, ಸೆಲ್ಫ್ ಮೋಟಾರ್, ಡ್ರೈವರ್ ಬಾಗಿಲಿನ ಕೀಲು ಸವೆದಿರುತ್ತವೆ. ಇವು ಕಡಿಮೆ ಖರ್ಚಿನ ರೋಗಗಳು. ನನ್ನನ್ನು ಕೇಳಿದರೆ ಹಳೆ ಪಿಕಪ್‌ಗಳಲ್ಲಿ ಕೊರಿಯರ್ ಗಾಡಿಯೇ ಒಳ್ಳೆ ಆಯ್ಕೆ. ಎರಡನೆಯದು ಹಾಲಿನ ಗಾಡಿ. ಹೌದಾದ ತಳ ನೀರಿಗೆ ಕೊಳೆತಿರಬಹುದು, ಆದರೆ ಒಂದು ದಿನ ಕೆಟ್ಟು ನಿಂತರೂ ಹಾಲು ಒಡೆಯುತ್ತದೆ ಎಂಬ ಭಯಕ್ಕೆ ಮಾಲೀಕರು ಸರ್ವೀಸ್ ತಪ್ಪಿಸಿರುವುದಿಲ್ಲ.

ಎಂಎಚ್ 09, ಎಂಎಚ್ 10 ಅಂದರೆ ಕೊಲ್ಲಾಪುರ, ಸಾಂಗ್ಲಿ. ಅಲ್ಲಿ 2019ರ ಆಗಸ್ಟ್‌ನಲ್ಲಿ ದೊಡ್ಡ ಪ್ರವಾಹ ಬಂದಿತ್ತು. 2021ರ ಜುಲೈನಲ್ಲಿ ಕೊಂಕಣದ ಚಿಪಳೂಣ ಮುಳುಗಿತ್ತು. ಅಲ್ಲಿನ ಗಾಡಿಯೆಲ್ಲ ಕೆಟ್ಟದ್ದು ಅಂತಲ್ಲ. ಆ ಕಾಲಕ್ಕೂ ಮುಂಚಿನ ಗಾಡಿಯಾದರೆ ಸೀಟ್ ಬೆಲ್ಟ್ ಪೂರ್ತಿ ಎಳೆದು ಬುಡದಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ. ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಗಂಟಿನಲ್ಲಿ ಒಣಗಿದ ಕೆಸರು ಇದೆಯಾ ಬೆರಳಾಡಿಸಿ. ನೀರು ಕುಡಿದ ವೈರಿಂಗ್ ವರ್ಷಗಟ್ಟಲೆ ಕಾಡುತ್ತದೆ.

ಕ್ಯಾಬಿನ್ ಮೇಲೆ ಅಯಸ್ಕಾಂತ ಓಡಿಸಿ. ಲೋಹದ ಭಾಗದಲ್ಲಿ ಹಿಡಿಯದೆ ಜಾರಿದರೆ ಅಲ್ಲಿ ಪುಟ್ಟಿ ಮೆತ್ತಿದ್ದಾರೆ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಬಿಳಿ ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಒಂದು ಅಂಕಿ ಬೇರೆಯಾದರೂ ಮಾತು ಮುಗಿಯಿತು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳ ಇದ್ದರೂ ಆರೇಳು ವರ್ಷದ ಟೈರ್ ಮೇಲೆ ಭಾರ ಹಾಕಬೇಡಿ.

4. ತಣ್ಣನೆ ಇಂಜಿನ್

ಫೋನ್ ಮಾಡುವಾಗಲೇ ಹೇಳಿ: "ನಾನು ಬರುವ ತನಕ ಗಾಡಿ ಚಾಲೂ ಮಾಡಬೇಡಿ." ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಟೀ ಕುಡಿಯಲು ಹೋಗಿ, ಎರಡು ಮೂರು ಗಂಟೆ ಬಿಟ್ಟು ಬನ್ನಿ. ಬಿಸಿ ಇಂಜಿನ್ ಎಲ್ಲ ಸುಳ್ಳನ್ನೂ ಮುಚ್ಚಿಡುತ್ತದೆ.

ಚಾಲೂ ಮಾಡುವ ಮುಂಚೆ ಆಯಿಲ್ ಕಡ್ಡಿ ಎಳೆಯಿರಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗಿರುವುದು ಸಹಜ. ಹಾಲು ಬೆರೆತ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಇಂಜಿನ್ ತಣ್ಣಗಿದ್ದಾಗ ಮಾತ್ರ, ಬಿಸಿಯಲ್ಲಿ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ಕೆಂಪು ತುಕ್ಕಿನ ನೀರು ಇದ್ದರೆ ಮಾಲೀಕರು ಬರೀ ನಲ್ಲಿ ನೀರು ಸುರಿದು ಓಡಿಸಿದ್ದಾರೆ. ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕೆಲಸ ಕಾದಿದೆ.

ಈಗ ಚಾಲೂ ಮಾಡಿಸಿ. ನೀವು ಹಿಂದೆ ನಿಂತು ಹೊಗೆ ನೋಡಿ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ನಿಲ್ಲದಿದ್ದರೆ ಸಿಲಿಂಡರ್‌ಗೆ ನೀರು ಹೋಗುತ್ತಿದೆ, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಜೋರಾಗಿ ಕಾಲು ಒತ್ತಿದಾಗ ಬಿಎಸ್ 4 ಗಾಡಿ ತುಸು ಕಪ್ಪು ಹೊಗೆ ಬಿಡಬಹುದು. ಸದಾ ಕಪ್ಪು ಅಂದರೆ ಏರ್ ಫಿಲ್ಟರ್‌ನಿಂದ ಹಿಡಿದು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ತನಕ ಯಾವುದಾದರೂ ಆಗಿರಬಹುದು. ನೀಲಿ ಹೊಗೆಯೇ ಕೆಟ್ಟದ್ದು. ಇಂಜಿನ್ ಆಯಿಲ್ ಸುಡುತ್ತಿದೆ. ಬಿಎಸ್ 6 ಗಾಡಿ ಕಣ್ಣಿಗೆ ಕಾಣುವಷ್ಟು ಮಸಿ ಉಗುಳಿದರೆ ಡಿಪಿಎಫ್ ಕಿತ್ತು ಹಾಕಿರಬಹುದು. ಅಂಥದ್ದನ್ನು ಮುಟ್ಟಬೇಡಿ.

ಇನ್ನೊಂದು ಪರೀಕ್ಷೆಯನ್ನು ಎಲ್ಲ ಮೇಸ್ತ್ರಿಗಳೂ ಮಾಡುತ್ತಾರೆ, ಹೆಸರು ಬ್ಯಾಕ್ ಕಂಪ್ರೆಶನ್. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದೇ ಜಾಗದಲ್ಲಿ ಮಗುಚಿ ಇಡಿ. ಮುಚ್ಚಳ ಸ್ವಲ್ಪ ನಡುಗಿದರೆ ಸರಿ. ಹಾರಿ ಬಿದ್ದರೆ, ಅಥವಾ ತೂತಿನಿಂದ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಉರಿದ ಗಾಳಿ ಕೆಳಗೆ ನುಗ್ಗುತ್ತಿದೆ. ಮುಂದೆ ಇರುವುದು ಹಾಫ್ ಇಂಜಿನ್ ಕೆಲಸ, ಅಂದರೆ ಪಿಸ್ಟನ್, ರಿಂಗ್, ಬೇರಿಂಗ್ ಬದಲಾವಣೆ. ಮಾರುವವರು "ಎಲ್ಲ ಡೀಸೆಲ್ ಗಾಡಿಯೂ ಹಾಗೇ ಹೊಡೆಯುತ್ತೆ" ಅನ್ನುತ್ತಾರೆ. ಇಲ್ಲ, ಎಲ್ಲವೂ ಹೊಡೆಯುವುದಿಲ್ಲ.

ಕೀ ತಿರುಗಿಸಿದಾಗ ಇಂಜಿನ್ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ ಅಂತ ತಿಳಿಯಿರಿ.

5. ಓಡಿಸಿ, ಅದೂ ಭಾರ ಹಾಕಿ

ಖಾಲಿ ಪಿಕಪ್ ಓಡಿಸಿ ನೋಡುವುದು ಗಂಡನ್ನು ಮದುವೆ ದಿನ ನೋಡಿದ ಹಾಗೆ. ಅರ್ಧ ಲೋಡ್ ಆದರೂ ಹಾಕಿಸಿ. ಆಗಲ್ಲ ಅಂದರೆ ನಾಲ್ಕೈದು ಜನರ ತೂಕದ ಸಿಮೆಂಟ್ ಚೀಲವಾದರೂ ಇರಲಿ. ಹಡಪಸರದ ಕಡೆಯವರು ಸಾಸವಡ ರಸ್ತೆಯ ದಿವೆ ಘಾಟ್‌ಗೆ ಒಯ್ಯಿರಿ, ಕಾತ್ರಜ್ ಕಡೆಯವರು ಅಲ್ಲಿನ ಹಳೆ ಘಾಟ್‌ಗೆ.

ಹೊರಡುವ ಮುಂಚೆ ನಿಂತಲ್ಲೇ ಎರಡು ಪರೀಕ್ಷೆ. ಇಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ನಾಲ್ಕೈದು ಸಲ ತುಳಿದು ಒತ್ತಿ ಹಿಡಿಯಿರಿ. ಹಾಗೇ ಚಾಲೂ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬ್ರೇಕ್ ಬೂಸ್ಟರ್ ಕೆಟ್ಟಿದೆ. ಎರಡನೆಯದು ಕ್ಲಚ್. ಎದುರು ಖಾಲಿ ಜಾಗ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ಗಕ್ಕನೆ ಬಂದ್ ಆಗಬೇಕು. ಬಂದ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಒಮ್ಮೆ ಮಾತ್ರ ಮಾಡಿ, ಪದೇ ಪದೇ ಮಾಡಿದರೆ ನೀವೇ ಸುಟ್ಟ ಹಾಗೆ.

ಘಾಟ್ ಹತ್ತುವಾಗ ಬಿಸಿಯ ಮುಳ್ಳು ನೋಡುತ್ತಿರಿ. ಏರುತ್ತಲೇ ಹೋದರೆ ಕೂಲಿಂಗ್ ಸರಿ ಇಲ್ಲ. ಟರ್ಬೊ ಇರುವ ಗಾಡಿಯಲ್ಲಿ ಹತ್ತುವಾಗ ಸೈರನ್ ಥರ ಕೂಗು ಕೇಳಿದರೆ, ಎಳೆತವೂ ಬರದಿದ್ದರೆ ಟರ್ಬೊ ಅನುಮಾನ. ಇಳಿಯುವಾಗ ಎರಡನೇ, ಮೂರನೇ ಗೇರ್‌ನಲ್ಲಿ ಕಾಲು ತೆಗೆದು ಇಂಜಿನ್ ಮೇಲೇ ಇಳಿಸಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್‌ಬಾಕ್ಸ್ ಒಳಗೆ ಸವೆದಿದೆ. ಇದು ಬರೀ ಖರ್ಚಿನ ಮಾತಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆ ತನಕದ ಇಳಿಜಾರಿನಲ್ಲಿ ಆಗಿರುವ ಅಪಘಾತಗಳು ಇಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು.

ಸಮ ರಸ್ತೆಯಲ್ಲಿ ಕಿಟಕಿ ಇಳಿಸಿ ಕಿವಿ ಕೊಡಿ. ಹಿಂದಿನಿಂದ ವೇಗದ ಜೊತೆ ಏರುವ "ಊಂ" ಸದ್ದು ಬಂದರೆ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್, ಅಂದರೆ ಚಕ್ರಕ್ಕೆ ತಿರುಗುಬಲ ಕೊಡುವ ಹಲ್ಲಿನ ಜೋಡಿ ಸವೆದಿದೆ. ಗೇರ್ ಹಾಕಿ ಬಿಡುವಾಗ ಕೆಳಗೆ "ಟಕ್" ಅಂದರೆ ಶಾಫ್ಟ್‌ನ ಕ್ರಾಸ್ ಎಂಬ ಕೀಲು ಸವೆದಿದೆ. ಅದು ಅಗ್ಗ, ಚಿಂತೆ ಇಲ್ಲ.

6. ಮೇಸ್ತ್ರಿ

ನಿಮ್ಮ ಮೇಸ್ತ್ರಿಯನ್ನೇ ಕರೆದೊಯ್ಯಿರಿ, ಮಾರುವವರು ತೋರಿಸಿದವರನ್ನಲ್ಲ. ದಿನದ ಕೂಲಿ ಕೊಡಿ, ಕಮಿಷನ್ ಮಾತು ಬೇಡ. ಗಾಡಿ ಕೊಂಡರೆ ಮಾತ್ರ ದುಡ್ಡು ಅಂದರೆ ಆತ ಕೊಳ್ಳಿ ಅಂತಲೇ ಹೇಳುತ್ತಾನೆ. ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಡೀಸೆಲ್ ಚಿಮ್ಮಿಸುವ ಇಂಜಿನ್ ಆದರೆ ಸ್ಕ್ಯಾನರ್ ಹಾಕಿಸಿ. ಇಂಜೆಕ್ಟರ್‌ಗಳ ಹಿಂತಿರುಗುವ ಡೀಸೆಲ್ ಅಳೆದು ನೋಡಲು ಹೇಳಿ. ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ ಹಳೆ ಸರ್ವೀಸ್ ದಾಖಲೆ ತೆಗೆಸಿ ನೋಡಿದರೆ ಮೀಟರ್ ತಿರುಗಿಸಿದ್ದಾರಾ ಎಂಬುದೂ ಬಯಲಾಗುತ್ತದೆ. 60 ಸಾವಿರ ತೋರಿಸುವ ಗಾಡಿಯ ಕ್ಲಚ್ ಪೆಡಲ್‌ನ ರಬ್ಬರ್ ನುಣ್ಣಗೆ ಬೋಳಾಗಿದ್ದರೆ ದಾಖಲೆಯೂ ಬೇಕಿಲ್ಲ.

7. ಗಾಡಿಯ ನಿಜವಾದ ರೇಟು

ಮಾರುವವರು ಹೇಳುವುದು ಗಾಡಿಯ ರೇಟಲ್ಲ. ನಿಮ್ಮ ಹೆಸರಲ್ಲಿ, ಪಾಸಿಂಗ್ ಆಗಿ, ವಿಮೆ ಇದ್ದು, ಮೊದಲ ಬಾಡಿಗೆಗೆ ಹೊರಡುವ ಹೊತ್ತಿಗೆ ಎಷ್ಟಾಗುತ್ತದೋ ಅದು ರೇಟು. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನು ಹಾಕಿದ್ದು, ನಿಮ್ಮ ಗಾಡಿಯ ಅಂಕಿ ನೀವೇ ತುಂಬಿಕೊಳ್ಳಿ.

ಕೇಳಿದ ಬೆಲೆ 4,50,000. ನಾಲ್ಕು ಟೈರ್ 28,000. ಕ್ಲಚ್ 12,000. ವಿಮೆ 24,000. ಪಾಸಿಂಗ್‌ಗೆ ಬ್ರೇಕ್, ಪೇಂಟ್, ಹೊಳೆಯುವ ಟೇಪ್ ಎಲ್ಲ ಸೇರಿ 15,000. ಹೆಸರು ಬದಲಾವಣೆ 9,000. ಮೊದಲ ಸರ್ವೀಸ್ 10,000. ಒಟ್ಟು 5,48,000. ಇದರ ಮೇಲೆ ಕೈಯಲ್ಲಿ 50,000 ಉಳಿದಿರಬೇಕು. ಹಳೆ ಗಾಡಿ ಮೊದಲ ಮೂರು ತಿಂಗಳಲ್ಲಿ ಏನಾದರೂ ಕೇಳಿಯೇ ಕೇಳುತ್ತದೆ. ಆ 50,000 ಇಲ್ಲದಿದ್ದರೆ ಗಾಡಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ವಿಮೆಯಲ್ಲಿ ಎದುರಿನವರಿಗೆ ಆದ ನಷ್ಟದ ಭಾಗ, ಅಂದರೆ ಥರ್ಡ್ ಪಾರ್ಟಿ, ಸರ್ಕಾರ ನಿಗದಿ ಮಾಡಿದ್ದು. 2022ರ ದರಪಟ್ಟಿಯಲ್ಲಿ 7,500 ಕೆಜಿ ಒಳಗಿನ ಸರಕು ಗಾಡಿಗೆ ಇದು 16,049 ರೂಪಾಯಿ, ತೆರಿಗೆ ಬೇರೆ. ಅದಕ್ಕಿಂತ ಕಡಿಮೆಗೆ ಪೂರ್ತಿ ವಿಮೆ ಮಾಡಿಸಿಕೊಡುತ್ತೇನೆ ಅನ್ನುವ ಏಜೆಂಟರ ಕಾಗದ ನಕಲಿ ಇರಬಹುದು.

ಡೀಸೆಲ್ ಲೆಕ್ಕವೂ ಹಾಕಿ. ಲೀಟರ್‌ಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. 12 ಕಿಲೋಮೀಟರ್ ಕೊಡುವ ಗಾಡಿಗೆ ಕಿಲೋಮೀಟರ್‌ಗೆ 7.50 ಬೀಳುತ್ತದೆ. ಇಂಜೆಕ್ಟರ್ ದಣಿದು 10 ಕೊಡುವ ಗಾಡಿಗೆ 9. ತಿಂಗಳಿಗೆ 2,500 ಕಿಲೋಮೀಟರ್ ಓಡಿದರೆ ವ್ಯತ್ಯಾಸ 3,750 ರೂಪಾಯಿ. ಚೌಕಾಸಿಯಲ್ಲಿ ಹತ್ತು ಸಾವಿರ ಇಳಿಸಿದ ಖುಷಿ ಮೂರು ತಿಂಗಳಲ್ಲಿ ಡೀಸೆಲ್ ಬಂಕಿಗೆ ಹೋಗಿರುತ್ತದೆ.

ಈ ಒಟ್ಟು ಮೊತ್ತ ಹೊಸ ಗಾಡಿಯ ಬೆಲೆಯ ಮುಕ್ಕಾಲು ಭಾಗ ಮುಟ್ಟಿದರೆ ನಾನಾದರೆ ಹೊಸದನ್ನೇ ನೋಡುತ್ತೇನೆ. ಹಳೆ ಗಾಡಿಯ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಕಂತು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೀಳುವುದುಂಟು.

8. ಸಂಚಕಾರ, ದುಡ್ಡು, ಹೆಸರು ಬದಲಾವಣೆ

ಸಂಚಕಾರ ಕೊಡುವಾಗ, ಇಲ್ಲಿನವರು ಟೋಕನ್ ಅನ್ನುತ್ತಾರೆ, ಐದೋ ಹತ್ತೋ ಸಾವಿರ ಮೀರಬೇಡಿ. ಒಂದು ಹಾಳೆಯಲ್ಲಿ ಗಾಡಿ ನಂಬರ್, ಒಪ್ಪಿದ ಬೆಲೆ, ಹಳೆ ಚಲನ್ ಯಾರು ಕಟ್ಟಬೇಕು, ಎನ್‌ಒಸಿ ಬರದಿದ್ದರೆ ದುಡ್ಡು ವಾಪಸ್ ಎಂದು ಬರೆಸಿ ಸಹಿ ಹಾಕಿಸಿ. ಬಾಕಿ ದುಡ್ಡು ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿರುವವರ ಖಾತೆಗೇ ಹೋಗಲಿ. 2 ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ. ನಗದು ಕೊಟ್ಟವರ ಕೈಯಲ್ಲಿ ಕೊಟ್ಟದ್ದಕ್ಕೆ ಗುರುತೂ ಉಳಿಯುವುದಿಲ್ಲ.

ಹೆಸರು ಬದಲಾಯಿಸಲು ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಸಾಲ ಇದ್ದಿದ್ದರೆ ಫಾರ್ಮ್ 35 ಎರಡು ಪ್ರತಿ ಮತ್ತು ಎನ್‌ಒಸಿ ಬೇಕು. ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ಖಾಲಿ ಫಾರ್ಮ್‌ಗೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡಬೇಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ತಡ ಮಾಡಿ ಗಾಡಿ ಗುದ್ದಿಕೊಂಡರೆ ನಿಮ್ಮ ಗಾಡಿಯ ರಿಪೇರಿ ದುಡ್ಡು ಸಿಗುವುದಿಲ್ಲ. ಹಳೆ ಮಾಲೀಕರ ನೋ ಕ್ಲೇಮ್ ರಿಯಾಯಿತಿ ನಿಮಗೆ ಬರುವುದಿಲ್ಲ, ಅದು ಅವರದ್ದು.

ಊರಿಗೆ ಒಯ್ಯುವವರು ಗಮನಿಸಿ. ಸೊಲ್ಲಾಪುರ ದಾಟಿದರೆ ವಿಜಯಪುರ, ಏನು ಮಹಾ ದೂರ ಅಂತ ಎಂಎಚ್ ನಂಬರ್‌ನಲ್ಲೇ ಓಡಿಸಿಕೊಂಡಿರುವವರು ಬಹಳ ಜನ. 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇದ್ದರೆ ಅಲ್ಲಿ ಮರುನೋಂದಣಿ ಮಾಡಿಸಲೇಬೇಕು. ಅದಕ್ಕೆ ಪುಣೆ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದಲ್ಲಿ ತೆರಿಗೆ ಬೇರೆ ಕಟ್ಟಬೇಕು. ಆ ತೆರಿಗೆ ಎಷ್ಟು ಅಂತ ನಿಮ್ಮೂರಿನ ಆರ್‌ಟಿಒದಲ್ಲಿ ಕೇಳಿಕೊಂಡು, ಮೇಲಿನ ಲೆಕ್ಕಕ್ಕೆ ಸೇರಿಸಿ, ಆಮೇಲೆ ರೇಟು ಮಾತಾಡಿ.

9. ಗಾಡಿ ಕೈಗೆ ಬಂದ ದಿನ

ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆಸಿ. ಬೆಳಿಗ್ಗೆ ಅವರು ಸಿಗ್ನಲ್ ಹಾರಿದ ಚಲನ್ ಯಾರದ್ದು ಅನ್ನುವ ಜಗಳ ಅಲ್ಲಿಗೇ ತೀರುತ್ತದೆ. ಮೀಟರ್‌ನ ಫೋಟೊ ತೆಗೆಯಿರಿ. ಎರಡನೇ ಕೀ, ಜಾಕ್, ಸ್ಟೆಪ್ನಿ ಇಸಿದುಕೊಳ್ಳಿ. ಹಳೆ ಫಾಸ್ಟ್ಯಾಗ್ ಅವರ ಎದುರೇ ಬಂದ್ ಮಾಡಿಸಿ, ನಿಮ್ಮ ಹೆಸರಲ್ಲಿ ಹೊಸದು ಹಾಕಿಸಿ.

ನೇರ ಬಾಡಿಗೆಗೆ ಹೋಗಬೇಡಿ, ಮೇಸ್ತ್ರಿ ಹತ್ತಿರ ಹೋಗಿ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಗೇರ್ ಮತ್ತು ಹೌಸಿಂಗ್ ಆಯಿಲ್ ಎಲ್ಲ ಬದಲಾಯಿಸಿ. "ಮೊನ್ನೆಯಷ್ಟೇ ಹಾಕಿಸಿದ್ದೆ" ಅಂದಿರುತ್ತಾರೆ. ಇರಲಿ, ಬದಲಾಯಿಸಿ. ಬದಲಾಯಿಸಿದ ದಿನದ ಕಿಲೋಮೀಟರ್ ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಬಾಗಿಲ ಒಳಗೆ ಅಂಟಿಸಿ. ಮೊದಲ ವಾರ ಅರ್ಧ ಲೋಡ್ ಮಾತ್ರ. ರಾತ್ರಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಆ ರಟ್ಟನ್ನು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಎಲ್ಲೆಲ್ಲಿ ತೊಟ್ಟು ಬಿದ್ದಿದೆ ಅನ್ನುವುದನ್ನು ಫೋಟೊ ತೆಗೆದು ಮೇಸ್ತ್ರಿಗೆ ಕಳಿಸಿ.